ಸೂರು-ಸೈಟು: ಮೆಟ್ರೊ ಬಂತು, ಮಹಡಿ ಏರಿಸಬಹುದೇ?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಮೆಟ್ರೊ ಬಗ್ಗೆಯೇ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲಂತೂ ಹೊಸೂರು ರಸ್ತೆಯ ಆಚೀಚೆ ಇರುವವರೆಲ್ಲ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಶಾಯಿಯಲ್ಲಿ ಬರೆದಿದ್ದೀರಿ. ಸೋರುವ ತಾರಸಿ, ವಾಲಿದ ಕಾಂಪೌಂಡು, ಪಕ್ಕದ ಮನೆಯವರ ಕಿಟಕಿ ಇವೆಲ್ಲ ಮುಂದಿನ ಸಲಕ್ಕೆ. ಕೇಳಿದವರು ಮುನಿಸಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಹೊಂಗಸಂದ್ರದಲ್ಲಿ ನಮ್ಮದೊಂದು 30×40 ಸೈಟಿದೆ. ಅದರಲ್ಲಿ ಹಳೇ ಮನೆ, ಮೇಲೆ ಒಂದು ಬಾಡಿಗೆ ಪೋರ್ಷನ್. ಮೆಟ್ರೊ ನಿಲ್ದಾಣಕ್ಕೆ ಐದೇ ನಿಮಿಷ. ಮೆಟ್ರೊ ಹತ್ತಿರ ಇರುವವರಿಗೆ ಎಫ್‌ಎಆರ್ 4 ಸಿಗುತ್ತದೆ, ಆರು ಮಹಡಿ ಎಬ್ಬಿಸಬಹುದು, ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಡಿ ಎಂದು ಬಿಲ್ಡರ್ ಒಬ್ಬರು ದುಂಬಾಲು ಬಿದ್ದಿದ್ದಾರೆ. ಮಕ್ಕಳು ಸೈ ಎನ್ನುತ್ತಾರೆ. ನನಗೆ ಧೈರ್ಯ ಸಾಲದು. ಅವರು ಹೇಳುವುದು ನಿಜವೇ? ಎಫ್‌ಎಆರ್ ಎಂದರೇನೆಂದೂ ದಯವಿಟ್ಟು ತಿಳಿಸಿ.
— ನಿವೃತ್ತ ಶಿಕ್ಷಕಿ, ಹೊಂಗಸಂದ್ರ

ಉತ್ತರ: ರಸ್ತೆಯ ಗುರುತು ಬರೆದಿದ್ದಿರಲ್ಲ, ಕಳೆದ ಗುರುವಾರ ನಾನೇ ಬಂದು ನೋಡಿದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ, ಹೊಂಗಸಂದ್ರದಲ್ಲಿ ಇಳಿದೆ. ನಿಮ್ಮ ಬಾಗಿಲು ತಟ್ಟಲಿಲ್ಲ. ಬಿಲ್ಡರ್ ಕಡೆಯವಳು ಅಂದುಕೊಂಡೀರಿ ಎಂಬ ಸಂಕೋಚ.

ಮೊದಲನೆಯದಾಗಿ, ಅದು ಐದು ನಿಮಿಷವಲ್ಲ. ನಕ್ಷೆಯ ಮೇಲೆ ಗೆರೆ ಎಳೆದರೆ ಸುಮಾರು 400 ಮೀಟರ್ ಬರುತ್ತದೆ. ನಡೆದರೆ ನನಗೆ 11 ನಿಮಿಷ ಹಿಡಿಯಿತು. ಮಂಡಿನೋವಿನ ಪಾಲು ಎರಡು ನಿಮಿಷ ಕಳೆಯಿರಿ, ಉಳಿದದ್ದು ಫುಟ್‌ಪಾತಿನ ನಡುವೆ ಕುಳಿತ ಟ್ರಾನ್ಸ್‌ಫಾರ್ಮರ್, ಬಾಯಿಬಿಟ್ಟ ಚರಂಡಿ ಚಪ್ಪಡಿ ಮತ್ತು ಅಡ್ಡ ನಿಂತ ಟೆಂಪೊಗಳ ಪಾಲು. ಇದನ್ನು ಹೇಳಲು ಕಾರಣವಿದೆ. ನಿಯಮದಲ್ಲಿ 'ಹತ್ತಿರ' ಎಂಬ ಮಾತಿಗೆ ನಿಮಿಷದ ಲೆಕ್ಕವಿಲ್ಲ, ಮೀಟರಿನ ಲೆಕ್ಕವಿದೆ.

ಈಗ ಎಫ್‌ಎಆರ್. ಸೈಟಿನ ಅಳತೆಯ ಎಷ್ಟು ಪಟ್ಟು ಜಾಗವನ್ನು ಎಲ್ಲ ಮಹಡಿ ಸೇರಿಸಿ ಕಟ್ಟಬಹುದು ಎನ್ನುವ ಲೆಕ್ಕ ಅದು. ದೋಸೆ ಹುಯ್ಯುವವರಿಗೆ ಇದು ಸುಲಭ. ಸೌಟಿನಲ್ಲಿ ಎಷ್ಟು ಹಿಟ್ಟು ಸಿಗುತ್ತದೆ ಎನ್ನುವುದೇ ಎಫ್‌ಎಆರ್. ಅದನ್ನು ಕಾವಲಿ ತುಂಬ ತೆಳ್ಳಗೆ ಹರಡುತ್ತೀರೋ, ಸೆಟ್ ದೋಸೆಯ ಹಾಗೆ ಸಣ್ಣದಾಗಿ ದಪ್ಪಗೆ ಬಿಡುತ್ತೀರೋ ಅದು ನಿಮಗೆ ಬಿಟ್ಟದ್ದು. ಹಿಟ್ಟು ಅಷ್ಟೇ. ನಿಮ್ಮ ಸೈಟು 1200 ಚದರಡಿ. ಎಫ್‌ಎಆರ್ 1.75 ಎಂದುಕೊಂಡರೆ ಎಲ್ಲ ಮಹಡಿ ಸೇರಿ 2100 ಚದರಡಿ, ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ 21 ಚದರ. 4 ಆದರೆ 48 ಚದರ. ಬಿಲ್ಡರ್ ಬಾಯಲ್ಲಿ ನೀರೂರುವುದು ಈ 27 ಚದರದ ವ್ಯತ್ಯಾಸಕ್ಕೆ.

ಎಫ್‌ಎಆರ್ 4 ಅವರು ಕಟ್ಟಿದ ಕತೆಯಲ್ಲ. 2007ರಲ್ಲಿ ಮಂಜೂರಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲೇ ಅದಿದೆ. ಆದರೆ ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗಿನ ಜಾಗಕ್ಕೆ. ನೀವು 400ರಲ್ಲಿದ್ದೀರಿ. ಅದರಾಚೆ ಎಫ್‌ಎಆರ್ ನಿಂತಿರುವುದು ಸೈಟಿನ ಅಳತೆ ಮತ್ತು ಎದುರಿನ ರಸ್ತೆಯ ಅಗಲದ ಮೇಲೆ. ನಿಮ್ಮ ರಸ್ತೆಗೆ ಟೇಪು ಹಿಡಿದೆ (ಕೈಚೀಲದಲ್ಲಿ ಟೇಪು ಇಲ್ಲದೆ ನಾನು ಮದುವೆಮನೆಗೂ ಹೋಗುವುದಿಲ್ಲ). 20 ಅಡಿ ತುಂಬಲಿಲ್ಲ. ಬಿಲ್ಡರ್ ನಿಮಗೆ ನಿಲ್ದಾಣ ತೋರಿಸುತ್ತಿದ್ದಾರೆ, ರಸ್ತೆ ತೋರಿಸುತ್ತಿಲ್ಲ.

'2022ರಲ್ಲಿ ಸರ್ಕಾರ ಹೊಸ ನೀತಿಗೆ ಒಪ್ಪಿಗೆ ಕೊಟ್ಟಿದೆಯಲ್ಲ' ಎಂದೂ ಅವರು ಹೇಳಿರಬಹುದು. ನಿಜ. ನಿಲ್ದಾಣದ ಸುತ್ತ ಮನೆ, ಕೆಲಸ, ಅಂಗಡಿ ದಟ್ಟವಾಗಿ ಬೆಳೆಯಲಿ, ಜನ ನಡೆದು ಹೋಗಿ ರೈಲು ಹತ್ತಲಿ ಎನ್ನುವುದು ಆ ನೀತಿಯ ತಿರುಳು. ಅದಕ್ಕೂ ಮೊದಲು, 2017ರ ಕೇಂದ್ರ ನೀತಿಯೇ ನಿಲ್ದಾಣದ ಪ್ರಭಾವ 500ರಿಂದ 800 ಮೀಟರಿನ ತನಕ ಎಂದು ಹೇಳಿತ್ತು. ನೀತಿಯನ್ನು ನಾನು ಒಪ್ಪುತ್ತೇನೆ. ಆದರೆ ನೀತಿ ಬೇರೆ, ವಲಯ ನಿಯಮ ಬೇರೆ. ಪ್ಲಾನ್ ಸ್ಯಾಂಕ್ಷನ್ ಮಾಡುವ ಎಂಜಿನಿಯರ್ ಮೇಜಿನ ಮೇಲೆ ಇರುವುದು ನಿಯಮದ ಪುಸ್ತಕ. ಅದರಲ್ಲಿ ನಿಮ್ಮ ಸೈಟಿಗೆ ಎಷ್ಟೆಂದು ಬರೆದಿದೆಯೋ ಅಷ್ಟೇ. ಬಿಲ್ಡರನ್ನು ಕೇಳಬೇಕಾದ ಪ್ರಶ್ನೆ ಒಂದೇ: 'ಯಾವ ನಿಯಮ, ಎಷ್ಟನೇ ಪುಟ?'

ಇರಲಿ, ನಾಳೆ ನಿಮ್ಮ ಸೈಟಿಗೂ 4 ಕೊಟ್ಟರು ಎಂದೇ ಇಟ್ಟುಕೊಳ್ಳೋಣ. ಸುತ್ತ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು 24×34, ಅಂದರೆ 816 ಚದರಡಿ. 4800ನ್ನು ಅದರಿಂದ ಭಾಗಿಸಿ. ಹತ್ತಿರ ಹತ್ತಿರ ಆರು ಮಹಡಿ, ಕೆಳಗೆ ಕಾರು ನಿಲ್ಲಿಸುವ ಸ್ಟಿಲ್ಟ್ ಬೇರೆ. ಪ್ರತಿ ಮಹಡಿಯಲ್ಲೂ ಮೆಟ್ಟಿಲು ಮತ್ತು ಲಿಫ್ಟಿಗೆ 150 ಚದರಡಿ ಹೋದರೆ ಉಳಿಯುವುದು 666. ಆರು ಫ್ಲ್ಯಾಟು, ಆರು ಕಾರು ಎಂದರೆ ಸ್ಟಿಲ್ಟಿನಲ್ಲಿ ಮೂರು ನಿಲ್ಲಿಸಲೂ ಒದ್ದಾಡಬೇಕು. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ ಬೇಕು, ತಿರುಗಿಸುವ ಜಾಗ ಬೇರೆ. ಮಿಕ್ಕ ಮೂರು ಆ 20 ಅಡಿಯ ಬೀದಿಗೇ ಬರುತ್ತವೆ. ಆಮೇಲೆ ಅಗ್ನಿಶಾಮಕದ ಗಾಡಿ ಹೇಗೆ ಬರಬೇಕು? ರಸ್ತೆ ಅಗಲದ ನಿಯಮವನ್ನು ಎಲ್ಲರೂ ಬೈಯುತ್ತಾರೆ, ನಾನೂ ಕೆಲವು ಸಲ ಬೈದಿದ್ದೇನೆ, ಆದರೆ ಅದು ಸುಮ್ಮನೆ ಹುಟ್ಟಿದ್ದಲ್ಲ.

ಬಿಲ್ಡರ್ ಹೇಳದ ಇನ್ನೊಂದು ದಾರಿಯಿದೆ. ಪಕ್ಕದ ಸೈಟೂ ಹಳೇ ಮನೆಯೇ ಎಂದು ಬರೆದಿದ್ದೀರಿ. ಎರಡನ್ನೂ ಕೂಡಿಸಿದರೆ 60×40. ನಡುವಿನ ಆರಡಿ ಓಣಿ ಮಾಯ, ಒಂದೇ ಮೆಟ್ಟಿಲು, ಒಂದೇ ಲಿಫ್ಟು. ಅದೇ ಮೂರಡಿ ಲೆಕ್ಕದಲ್ಲಿ 54×34 ಅಂದರೆ 1836 ಚದರಡಿ. ಮೆಟ್ಟಿಲು, ಲಿಫ್ಟಿಗೆ 170 ತೆಗೆದರೂ 1666 ಉಳಿಯಿತು. ಬೇರೆ ಬೇರೆ ಕಟ್ಟಿದ್ದರೆ ಇಬ್ಬರದೂ ಸೇರಿ 1332. ಎಫ್‌ಎಆರ್ ಒಂದು ಕಾಳೂ ಹೆಚ್ಚದೆ ಮಹಡಿಗೆ 300 ಚದರಡಿಗೂ ಮಿಕ್ಕಿ ಜಾಗ ದಕ್ಕಿತು. ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗದ) ನಿಯಮಕ್ಕೆ ತಕ್ಕಂತೆ ಅಂಕಿ ಹಿಂದೆ ಮುಂದೆ ಆದೀತು, ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಸೈಟುಗಳ ಕೂಡಿಕೆಯನ್ನು ಸರ್ಕಾರ ಸಲೀಸು ಮಾಡಿದರೆ ಮೆಟ್ರೊ ಪಕ್ಕ ಅರ್ಧ ಕೆಲಸ ಮುಗಿದಂತೆ. ಆದರೆ ನಮ್ಮಲ್ಲಿ ಪಕ್ಕದ ಮನೆಯವರ ಜೊತೆ ಒಂದು ಗೋಡೆ ಹಂಚಿಕೊಳ್ಳುವುದೇ ಕಷ್ಟ. ಓರೆಯಾಗಿ ಹಾದುಹೋದ ಒಂದು ನೀರಿನ ಪೈಪಿಗೆ ಅಣ್ಣ ತಮ್ಮಂದಿರು ಹದಿನೆಂಟು ವರ್ಷ ಮಾತು ಬಿಟ್ಟದ್ದನ್ನು ನನ್ನ ನೌಕರಿಯಲ್ಲಿ ನೋಡಿದ್ದೇನೆ.

ನೀವೇ ಕಟ್ಟಿಸುವುದಾದರೆ ಇನ್ನೊಂದು ವಿಷಯ. ಬಿಬಿಎಂಪಿ 2024ರಲ್ಲಿ 'ನಂಬಿಕೆ ನಕ್ಷೆ' ತಂದಿತು. 50×80ರವರೆಗಿನ ಸೈಟಿನ ವಾಸದ ಮನೆಗೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲಿ ನಕ್ಷೆ ಹಾಕಿದರೆ ಮೊದಲು ತಾತ್ಕಾಲಿಕ ಮಂಜೂರಾತಿ, ಆಮೇಲೆ ದಾಖಲೆ ಪರಿಶೀಲನೆ. ನನ್ನ ಕಾಲದಲ್ಲಿ ಫೈಲು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಅಮಾವಾಸ್ಯೆ ಹುಣ್ಣಿಮೆ ನೋಡುತ್ತಿತ್ತು. ಮನೆ ಬೇಗ ಏಳುವುದು ಎಫ್‌ಎಆರ್ ಏರಿಸಿದ್ದರಿಂದ ಮಾತ್ರವಲ್ಲ, ಕೇಳಬೇಕಾದ ಮೇಜುಗಳ ಸಂಖ್ಯೆ ಇಳಿಸಿದ್ದರಿಂದ. ನಲವತ್ತು ವರ್ಷ ಆ ಮೇಜುಗಳಲ್ಲೊಂದರ ಹಿಂದೆ ಕುಳಿತವಳೇ ಈ ಮಾತು ಹೇಳುತ್ತಿದ್ದೇನೆ.

ಸದ್ಯಕ್ಕೆ ಯಾವ ಜಿಪಿಎಗೂ (ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಸಹಿ ಹಾಕಬೇಡಿ. ಖಾತಾ, ಕ್ರಯಪತ್ರ, ತೆರಿಗೆ ರಸೀದಿಯ ಜೆರಾಕ್ಸ್ ಹಿಡಿದು ಒಬ್ಬ ಸ್ವತಂತ್ರ ಆರ್ಕಿಟೆಕ್ಟನ್ನು ಕಂಡು, ಫೀಸು ಕೊಟ್ಟು, 'ಇವತ್ತಿನ ನಿಯಮದಲ್ಲಿ ನನಗೆಷ್ಟು?' ಎಂದು ಬರವಣಿಗೆಯಲ್ಲಿ ಪಡೆಯಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಕೂಡ್ಲು ಗೇಟ್ ಹತ್ತಿರ ಪಿಜಿಯಲ್ಲಿದ್ದೇನೆ. ಮೆಟ್ರೊ ಬಂದ ಮರುತಿಂಗಳೇ ಓನರ್ ಬಾಡಿಗೆ ಏರಿಸಿದರು. ಈ ಎಫ್‌ಎಆರ್, ನೀತಿ ಎಲ್ಲ ಸೈಟು ಇದ್ದವರಿಗಾಯಿತು. ನಮ್ಮಂಥವರಿಗೆ ಬಾಡಿಗೆ ಇಳಿಯುತ್ತದೆಯೇ?
— ಬಾಡಿಗೆದಾರ, ಕೂಡ್ಲು ಗೇಟ್

ಉತ್ತರ: ತಕ್ಷಣಕ್ಕೆ ಇಳಿಯುವುದಿಲ್ಲ. ರೈಲು ಒಂದೇ ದಿನದಲ್ಲಿ ಬರುತ್ತದೆ, ಮನೆ ಕಟ್ಟಲು ಎರಡು ವರ್ಷ ಬೇಕು. ಆ ಎರಡು ವರ್ಷ ಇದ್ದ ಮನೆಗಳಿಗೇ ಜನ ಮುಗಿಬೀಳುತ್ತಾರೆ. ನಿಮ್ಮ ಓನರ್ ಮಾಡಿದ್ದು ಅದೇ ಲೆಕ್ಕ.

ದೂರದ ಲೆಕ್ಕ ಬೇರೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ಊರಿನ ವಾಸದ ಜಾಗದ ಸುಮಾರು ಮುಕ್ಕಾಲು ಭಾಗಕ್ಕೆ ಹೆಚ್ಚು ಮನೆ ಕಟ್ಟುವ ಅವಕಾಶ ಕೊಟ್ಟಿತು. ನಿಲ್ದಾಣಗಳ ಸುತ್ತ ಇನ್ನೂ ಎತ್ತರಕ್ಕೆ. ಮುಂದಿನ ವರ್ಷಗಳಲ್ಲಿ ಒಂದೇ ಕಾಂಪೌಂಡಿನಲ್ಲಿ ಸಾಲುಮನೆ, ಫ್ಲ್ಯಾಟುಗಳಿಗೆ ಪರವಾನಗಿ ಚೆನ್ನಾಗಿ ಏರಿತು. ಅಲ್ಲಿ ನನಗೆ ಹಿಡಿಸಿದ್ದು ಎತ್ತರವಲ್ಲ, ಹರವು. ನಾಲ್ಕೇ ಸೈಟುಗಳಿಗೆ ಅವಕಾಶ ಕೊಟ್ಟರೆ ಆ ನಾಲ್ಕರ ಬೆಲೆ ಆಕಾಶಕ್ಕೇರುತ್ತದೆ, ಲಾಭವೆಲ್ಲ ಜಾಗದ ಒಡೆಯನ ಜೇಬಿಗೆ. ನಾಲ್ಕು ಸಾವಿರ ಸೈಟುಗಳಿಗೆ ಕೊಟ್ಟರೆ ಒಬ್ಬ ಓನರ್ ಏರಿಸಿದಾಗ ನೀವು ಪಕ್ಕದ ಬೀದಿಯ ಬಾಗಿಲು ತಟ್ಟಬಹುದು. ನಮ್ಮ 150 ಮೀಟರಿನ ವೃತ್ತ ಸಾಲದು ಎಂದು ನಾನು ಜಗಳವಾಡುವುದು ಇದಕ್ಕೇ. ಅಷ್ಟರೊಳಗೆ ಬರುವ ಜಾಗದಲ್ಲಿ ರಸ್ತೆ, ಫ್ಲೈಓವರು, ಪೆಟ್ರೋಲ್ ಬಂಕು ಕಳೆದರೆ ಮನೆಗೆ ಸಿಗುವುದೆಷ್ಟು?

ಇನ್ನೊಂದು ಮಾತು, ನಿಮಗೆ ನೇರವಾಗಿ ಸಂಬಂಧಿಸಿದ್ದು. ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರದ ರೈಲು ನಿಲ್ದಾಣಕ್ಕೆ ಕೂಗಳತೆಯ ವಠಾರದಲ್ಲಿ. ಎಂಟು ಮನೆ, ಎರಡು ನಲ್ಲಿ, ಒಂದು ಅರಳುವ ಮುನ್ನವೇ ಕಿತ್ತು ಖಾಲಿಯಾಗುತ್ತಿದ್ದ ದಾಸವಾಳದ ಗಿಡ. ಪ್ಲೇಗಿಗೆ ಹೆದರಿ ಪೇಟೆ ಬಿಟ್ಟ ಜನಕ್ಕೆಂದು 1898ರ ಸುಮಾರಿಗೆ ಬೆಳೆದ ಬಡಾವಣೆ ಅದು. ಮನೆಗಳ ನಡುವೆ ಗಾಳಿ ಬೆಳಕಿಗೆ ಜಾಗ ಬಿಡಬೇಕು ಎನ್ನುವ ಶಿಸ್ತು ಅಲ್ಲಿ ರೋಗದ ಭಯದಿಂದ ಬಂತು. ಒಳ್ಳೆಯದೇ. ಆದರೆ ಅಪ್ಪನಂಥ ಗುಮಾಸ್ತನಿಗೆ ಊರ ನಡುವೆ ಮನೆ ಸಿಕ್ಕಿದ್ದು ವಠಾರದಿಂದ. ಒಂದು ಕೋಣೆ, ಒಂದು ಅಡುಗೆಮನೆಯ ಅಂಥ ಸಾಲು ಇವತ್ತು ಯಾವ ಸ್ಯಾಂಕ್ಷನ್ ಪ್ಲಾನಿನಲ್ಲೂ ಬರುವುದಿಲ್ಲ. ಅದರ ಜಾಗಕ್ಕೆ ನಿಮ್ಮ ಪಿಜಿ ಬಂದಿದೆ, ಪ್ಲಾನಿನಲ್ಲಿ ಮೂರು ಮಹಡಿ, ಕಣ್ಣೆದುರು ಐದು. ಮೆಟ್ರೊ ಪಕ್ಕದ ಜನದಟ್ಟಣೆ ನಿಯಮ ಬರಲಿ ಎಂದು ಕಾದು ಕುಳಿತಿಲ್ಲ, ಡೀವಿಯೇಷನ್ ರೂಪದಲ್ಲಿ ಆಗಲೇ ಬಂದು ಕುಳಿತಿದೆ. ಬೆಂಕಿ ಬಿದ್ದರೆ ಎರಡನೇ ಮೆಟ್ಟಿಲಿಲ್ಲದ ರೂಪದಲ್ಲಿ.

ಸಣ್ಣ ಬಾಡಿಗೆ ಮನೆಗಳನ್ನು, ಒಂಟಿ ಕೋಣೆಗಳನ್ನು, ಕಾರಿನ ಜಾಗ ಕೇಳದೆ ನಿಲ್ದಾಣದ ಸುತ್ತ ಕಾನೂನಿನ ಒಳಗೇ ಕಟ್ಟಲು ಬಿಡಬೇಕು. ನಿಮ್ಮಂಥವರಿಗೆ ಬೇಕಾದ ನಿಯಮ ಅದು. ಸದ್ಯ ಕೋಣೆ ಹುಡುಕುವಾಗ ಎರಡು ನಿಲ್ದಾಣ ಆಚೆ ಇಳಿದು ನೋಡಿ. ಮತ್ತೆ, ಮಲಗುವ ಮುನ್ನ ಟೆರೇಸಿನ ಬಾಗಿಲಿಗೆ ಬೀಗ ಹಾಕಿರುತ್ತಾರೋ ಇಲ್ಲವೋ ವಿಚಾರಿಸಿ.

ಪ್ರಶ್ನೆ: ನಮಸ್ಕಾರ. ಮಗನ ಮನೆಗೆಂದು ಆರು ತಿಂಗಳಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿದ್ದೇನೆ. ಮೊನ್ನೆ ಊರಿನ ಸಭೆಗೆ ಕರೆದುಕೊಂಡು ಹೋಗಿದ್ದರು. ರೈಲು ನಿಲ್ದಾಣದ ಹತ್ತಿರ ಎತ್ತರದ ಕಟ್ಟಡ ಬೇಡ ಎಂದು ಒಬ್ಬೊಬ್ಬರೇ ಎದ್ದು ಎರಡೆರಡು ನಿಮಿಷ ಮಾತಾಡಿದರು. ನೆರಳು ಬೀಳುತ್ತದಂತೆ, ಕಾರು ಹೆಚ್ಚಾಗುತ್ತದಂತೆ. ನನ್ನ ಮಗನೂ ಎದ್ದು ಹಾಗೇ ಹೇಳಿದ! ಇವನೇ ಇಲ್ಲಿಗೆ ಬಂದ ಹೊಸತರಲ್ಲಿ ಬಾಡಿಗೆ ಕಟ್ಟಲಾಗದೆ ನಾಲ್ವರ ಜೊತೆ ಒಂದೇ ಮನೆಯಲ್ಲಿದ್ದವನು. ಯಾರು ಸರಿ?
— ಒಬ್ಬ ತಾಯಿ, ಮೂಲ ತಿಪಟೂರು

ಉತ್ತರ: ನೀವು ಸರಿ. ಮಗನಿಗೆ ಈ ಪತ್ರಿಕೆ ತೋರಿಸಬೇಡಿ, ಊಟದ ಹೊತ್ತಿಗೆ ಜಗಳವಾದೀತು.

ನೀವಿರುವ ಊರಿಗೆ ಇದರಲ್ಲಿ ದೊಡ್ಡ ಇತಿಹಾಸವಿದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳನ್ನು ಜೋಡಿಸುವ ಬಾರ್ಟ್ ರೈಲು 1972ರ ಸೆಪ್ಟೆಂಬರಿನಲ್ಲಿ ಮೊಟ್ಟಮೊದಲು ಓಡಿದ ದಾರಿಯ ಒಂದು ತುದಿಯೇ ಫ್ರೀಮಾಂಟ್. ಅರ್ಧ ಶತಮಾನವಾದರೂ ಎಷ್ಟೋ ಬಾರ್ಟ್ ನಿಲ್ದಾಣಗಳ ಸುತ್ತ ಇರುವುದು ಕಾರು ನಿಲ್ಲಿಸುವ ಬಯಲು, ಅದರಾಚೆ ಒಂಟಿ ಮನೆಗಳು. ಅದೇ ಕೊಲ್ಲಿಯ ದಂಡೆಯ ಬರ್ಕ್ಲಿ ಊರು 1916ರಲ್ಲೇ 'ಇಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ' ಎಂದು ಬೀದಿಗಳನ್ನು ಗೆರೆ ಎಳೆದು ಕಾಯ್ದಿಟ್ಟಿತ್ತು. ಆ ಗೆರೆ ದೇಶದ ತುಂಬ ಹಬ್ಬಿತು. ಬಡವರನ್ನು, ಕರಿಯರನ್ನು, ಏಷ್ಯಾದವರನ್ನು ದೂರ ಇಡಲು ಅದು ಸಭ್ಯವಾದ ಬೇಲಿಯೂ ಆಗಿತ್ತು. ಬೇಲಿಯ ಆಚೆ ಇದ್ದವರ ಸಾಲಿನಲ್ಲಿ ಅಂದು ನಮ್ಮವರೂ ಇರುತ್ತಿದ್ದರು ಎನ್ನುವುದನ್ನು ಮಗನಿಗೆ ಬೇಕಾದರೆ ಹೇಳಿ.

ಅಲ್ಲಿ ಅಡ್ಡಿ ಎಫ್‌ಎಆರ್ ಒಂದೇ ಅಲ್ಲ, ನೀವು ಕಂಡ ಆ ಸಭೆ. ನಿಯಮದಂತೆಯೇ ಇದ್ದ ಕಟ್ಟಡವನ್ನೂ ಸಭೆ ಮುಂದೂಡಬಹುದಿತ್ತು, ಎರಡು ಮಹಡಿ ಕಡಿಮೆ ಮಾಡಿ ಬನ್ನಿ ಎನ್ನಬಹುದಿತ್ತು. ಪ್ರತಿ ಮುಂದೂಡಿಕೆಗೂ ಬಡ್ಡಿ ಏರುತ್ತದೆ. ಕ್ಯಾಲಿಫೋರ್ನಿಯಾ ಇದನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಬಂದಿದೆ. 2017ರ ಕಾನೂನು, ಮನೆಗಳ ಗುರಿ ಮುಟ್ಟದ ಊರುಗಳಲ್ಲಿ ನಿಯಮಕ್ಕೆ ಹೊಂದುವ ಯೋಜನೆಗೆ ಸಭೆಯಿಲ್ಲದೆ ಕಚೇರಿಯಲ್ಲೇ ಮಂಜೂರಾತಿ ಕೊಟ್ಟಿತು. ಅಗ್ಗದ ಮನೆಗಳ ಪಾಲು, ಕೆಲಸಗಾರರ ಕೂಲಿ ಇಂಥ ಷರತ್ತುಗಳೊಂದಿಗೆ. 2018ರಲ್ಲಿ ಬಾರ್ಟಿನ ಸ್ವಂತ ಜಾಗಗಳಲ್ಲಿ ಮನೆ ಕಟ್ಟಲು ದಾರಿ ಮಾಡುವ ಕಾನೂನು ಬಂತು. 2022ರದ್ದು ನಿಲ್ದಾಣದಿಂದ ಅರ್ಧ ಮೈಲಿಯೊಳಗೆ 'ಇಷ್ಟು ಪಾರ್ಕಿಂಗ್ ಕಟ್ಟಲೇಬೇಕು' ಎಂದು ಊರುಗಳು ಹೇಳುವುದನ್ನು ಬಹುಮಟ್ಟಿಗೆ ನಿಲ್ಲಿಸಿತು.

ಎತ್ತರದ ಕಾನೂನು ಮಾತ್ರ ಸತಾಯಿಸಿತು. ಸ್ಕಾಟ್ ವೀನರ್ ಎಂಬ ಸೆನೆಟರ್ 2018ರಲ್ಲಿ ತಂದದ್ದು ಬಿತ್ತು, ಮತ್ತೆ ತಂದದ್ದು 2020ರ ಜನವರಿಯಲ್ಲಿ ಬಿತ್ತು. ಕೊನೆಗೆ 2025ರ ಅಕ್ಟೋಬರ್ 10ರಂದು ಎಸ್‌ಬಿ 79 ಎಂಬ ಮಸೂದೆಗೆ ಗವರ್ನರ್ ನ್ಯೂಸಮ್ ಸಹಿ ಬಿತ್ತು. ಜಾರಿಯ ದಿನ 2026ರ ಜುಲೈ 1. ಬಾರ್ಟ್‌ನಂಥ ನಿಲ್ದಾಣಕ್ಕೆ ಅಂಟಿಕೊಂಡ ಜಾಗದಲ್ಲಿ ಸುಮಾರು ಒಂಬತ್ತು ಮಹಡಿ, ಕಾಲು ಮೈಲಿಯೊಳಗೆ 75 ಅಡಿ, ಅರ್ಧ ಮೈಲಿಯವರೆಗೆ 65 ಅಡಿ. ಊರಿನ ಗೆರೆ ಏನೇ ಹೇಳಲಿ, ರಾಜ್ಯದ ಮಾತು ಮೇಲು. ಮಗ ಅಷ್ಟು ಸಿಟ್ಟಾಗಿರುವುದು ಬಹುಶಃ ಇದಕ್ಕೇ.

ಅವನ ಪರವಾಗಿಯೂ ಒಂದು ಮಾತು. ಜೀವಮಾನದ ಸಾಲ ಮಾಡಿ ಕೊಂಡ ಮನೆಯ ಹಿತ್ತಲಿಗೆ ನೆರಳು ಬಿದ್ದರೆ ಯಾರಿಗೂ ಸಂಕಟವೇ. ಆದರೆ ಸೀಟಿನಲ್ಲಿ ಕೂತು ಬಸ್ಸು ತುಂಬಿದೆ ಎನ್ನುವುದು ಸುಲಭ, ಮೆಟ್ಟಿಲಲ್ಲಿ ನೇತಾಡುವವನಿಗೆ ಕಷ್ಟ. ಅವನು ಬಸ್ಸು ಹತ್ತಿ ಎಷ್ಟು ವರ್ಷವಾಯಿತು ಎಂದು ನಗುತ್ತಲೇ ಕೇಳಿ ನೋಡಿ.

ಪ್ರಶ್ನೆ: ಮೇಡಮ್ಮಾರ, ನಮಸ್ಕಾರ್ರಿ. ಬರೇ ಬೆಂಗಳೂರಿಂದ ಬರೀತೀರಲ್ರಿ, ನಮ್ಮ ಚಿಗರಿ ಬಸ್ಸಿಂದ ಏನ್ ಕತಿ? ಮೆಟ್ರೊ ಇದ್ದರ ಅಷ್ಟ ಮನಿ ಕಟ್ಟಬೇಕೇನ್ರಿ?
— ನವನಗರ, ಹುಬ್ಬಳ್ಳಿ

ಉತ್ತರ: ತಪ್ಪಾಯಿತು. ಹಳಿ ಬೇಕೆಂದೇನಿಲ್ಲ, ನಿಂತ ನೀರಿನಂತಾಗದೆ ಸಮಯಕ್ಕೆ ಓಡುವ ಬಸ್ಸಾದರೂ ಸಾಕು. ಬ್ರೆಜಿಲಿನ ಕುರಿಟಿಬ 1974ರಲ್ಲಿ ಬಸ್ಸಿಗೇ ಪ್ರತ್ಯೇಕ ದಾರಿ ಬಿಟ್ಟು, ಎತ್ತರದ ಮನೆಗಳಿಗೆ ಆ ದಾರಿಗುಂಟವೇ ಅವಕಾಶ ಕೊಟ್ಟಿತು. ಅಹಮದಾಬಾದಿನಲ್ಲಿ ಬಸ್ಸು, ಮೆಟ್ರೊ ದಾರಿಯ ಎರಡೂ ಬದಿಗೆ 200 ಮೀಟರ್ ಒಳಗೆ ಎಫ್‌ಎಸ್‌ಐ 4ರವರೆಗೆ, ಮಾಮೂಲಿ ಜಾಗಕ್ಕೆ 1.8. ಅವರ ಎಫ್‌ಎಸ್‌ಐ ಅಂದರೆ ನಮ್ಮ ಎಫ್‌ಎಆರೇ.

ನಿಮ್ಮಲ್ಲಿ ಬಸ್ಸಿನ ದಾರಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ 22 ಕಿಲೋಮೀಟರ್, 2018ರಿಂದ ಚಿಗರಿ ಓಡುತ್ತಿದೆ. ಎರಡು ಊರಿನ ನಡುವೆ ಖಾಲಿ ಜಾಗ ಇನ್ನೂ ಇದೆ. ಬೆಂಗಳೂರಿಗಿಲ್ಲದ ಭಾಗ್ಯ ಅದು. ಆ ಜಾಗವೆಲ್ಲ 30×40 ಲೇಔಟಾಗಿ ತುಂಡಾಗುವ ಮೊದಲೇ ನಿಲ್ದಾಣದ ಸುತ್ತ ಸಣ್ಣ ಮನೆ, ಅಂಗಡಿ, ಹಾಸ್ಟೆಲಿಗೆ ನಿಯಮ ಬರೆದುಬಿಡಬೇಕು. ತುಂಡಾದ ಮೇಲೆ ಕೂಡಿಸುವ ಪಾಡು ಹೊಂಗಸಂದ್ರದ ಉತ್ತರದಲ್ಲಿ ಓದಿದಿರಲ್ಲ. ನಡುರಸ್ತೆಯ ನಿಲ್ದಾಣಕ್ಕೆ ವಯಸ್ಸಾದವರು ಅಷ್ಟಗಲದ ರಸ್ತೆ ದಾಟುವುದು ಹೇಗೆ ಎನ್ನುವುದನ್ನೂ ಅದರಲ್ಲೇ ಬರೆಯಲಿ. ಮುಂದಿನ ಸಲ ಧಾರವಾಡಕ್ಕೆ ಬಂದಾಗ ಟೇಪು ತರುತ್ತೇನೆ, ಫೇಡೆ ನಿಮ್ಮದು.

ಪ್ರಶ್ನೆ: ಮೆಟ್ರೊ ಹತ್ತಿರದ ಮನೆಗಳಿಗೆ ಪಾರ್ಕಿಂಗ್ ಬೇಡ ಎಂದು ಎರಡು ಸಂಚಿಕೆ ಹಿಂದೆ ಬರೆದಿದ್ದಿರಿ. ನಿಮ್ಮ ಮನೆಯಲ್ಲಿ ಕಾರಿಲ್ಲವೇ?
— ಸಿಟ್ಟಿನ ಓದುಗ, ಜಯನಗರ

ಉತ್ತರ: ಇದೆ. ಬೇಡ ಎನ್ನಲಿಲ್ಲ, ಕಡ್ಡಾಯ ಬೇಡ ಎಂದೆ. ಬೇಕಾದವರು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಲಿ. ಕಾರಿಲ್ಲದ ನರ್ಸು, ಕಾರಿಲ್ಲದ ಮೇಷ್ಟ್ರು ತಮ್ಮ ಫ್ಲ್ಯಾಟಿನ ಬೆಲೆಯಲ್ಲಿ ಅದನ್ನೂ ಯಾಕೆ ತೆರಬೇಕು? ತಿರುಗಿಸುವ ಜಾಗವೂ ಸೇರಿದರೆ ಒಂದು ಕಾರಿಗೆ ಹೆಚ್ಚುಕಡಿಮೆ 300 ಚದರಡಿ ಹೋಗುತ್ತದೆ. ನಮ್ಮ ವಠಾರದ ಮನೆ ಅದಕ್ಕಿಂತ ಚಿಕ್ಕದಿತ್ತು, ಐದು ಜನ ಇದ್ದೆವು.

ನಮ್ಮ ಮನೆಯ ಕಾರು ನಮ್ಮ ಯಜಮಾನರದು. 2017ರಲ್ಲಿ ಹಸಿರು ಮಾರ್ಗದ ಮೊದಲ ಹಂತ ಪೂರ್ತಿಯಾದ ಮೇಲೆ ಅದು ಹೊರಗೆ ಹೋಗುವುದು ಆಯುಧಪೂಜೆಗೆ ತೊಳೆಯಲು. ಹೋದ ವರ್ಷ ಕುಂಬಳಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ಬೀದಿಯ ಹುಡುಗರು ತಳ್ಳಿ ನಿಂಬೆಹಣ್ಣಿನ ಮೇಲೆ ಹಾಯಿಸಿದರು.